ಮೊಳೆಯದ ಧೂಪದ ಬೀಜ

ಪ್ರಶ್ನೆ: ಭಾಗಮಂಡಲದ ಬಳಿ ನಮ್ಮೂರಿನ ದೇವರಕಾಡಿನಲ್ಲಿ ದೊಡ್ಡದೊಂದು ಧೂಪದ ಮರವಿದೆ. ಜೂನ್‌ನಲ್ಲಿ ಅದರ ಬುಡದಲ್ಲಿ ಬಿದ್ದಿದ್ದ, ಕೋಳಿಮೊಟ್ಟೆ ಗಾತ್ರದ ಕಾಯಿಗಳನ್ನು ದೇವಸ್ಥಾನದ ಮುಖ್ಯಸ್ಥರಾದ ದೇವತಕ್ಕರ ಒಪ್ಪಿಗೆ ಪಡೆದು ತಂದು, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ, ಸೆಪ್ಟೆಂಬರಿನಲ್ಲಿ ಮಣ್ಣಿಗೆ ಹಾಕಿದೆ. ಒಂದೂ ಮೊಳೆಯಲಿಲ್ಲ. ಕಾರಣವೇನು? ಕುಶಾಲನಗರದ ಕಡೆಯ ನಮ್ಮ ಜಾಗದಲ್ಲಿ ಇದನ್ನು ಬೆಳೆಸಬಹುದೇ?
– ಓದುಗರು, ಮಡಿಕೇರಿ ತಾಲ್ಲೂಕು

ಉತ್ತರ: ಬೀಜಗಳು ಸತ್ತದ್ದು ಅಟ್ಟದಲ್ಲಿಯೇ.

ಧೂಪವೆಂದು ನಮ್ಮಲ್ಲಿ ಎರಡು ಮರಗಳನ್ನು ಕರೆಯುತ್ತಾರೆ. ಗರಿಯಂತೆ ಸಾಲಾಗಿ ಎಲೆ ಜೋಡಿಸಿಕೊಂಡು, ಚಿಗುರಿದಾಗ ಕೆಂಪಗೆ ಕಾಣುವ, ಕಪ್ಪು ರಾಳ ಒಸರುವ ಮರ ಕರಿಧೂಪ. ನೀವು ಹೇಳುವ ಕಾಯಿ ಸಾಲುಧೂಪದ್ದು. ಅದರ ಎಲೆ ಬಿಡಿಯಾಗಿ ದಪ್ಪಗಿದ್ದು, ತೊಟ್ಟು ಎಲೆಯನ್ನು ಸೇರುವಲ್ಲಿ ಗಂಟಿನಂತೆ ಉಬ್ಬಿರುತ್ತದೆ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ವಟೇರಿಯ ಇಂಡಿಕ ಎಂದು ಹೆಸರಿಟ್ಟನು. ಪಶ್ಚಿಮಘಟ್ಟವನ್ನು ಬಿಟ್ಟು ಬೇರೆಲ್ಲಿಯೂ ಈ ಮರ ಸ್ವಾಭಾವಿಕವಾಗಿ ಬೆಳೆಯುವುದಿಲ್ಲ.

ಕೊಡಗಿನ ಪಶ್ಚಿಮ ಅಂಚಿನ ನಿತ್ಯಹರಿದ್ವರ್ಣ ಕಾಡಿನಲ್ಲಿ ಈ ಕಾಯಿ ಮಾಗುವುದೇ ಮುಂಗಾರು ಹಿಡಿಯುವ ಹೊತ್ತಿಗೆ. ಉದುರಿದ ಕಾಯಿ ಮೂರು ಹೋಳಾಗಿ ಬಿರಿಯುತ್ತದೆ. ಕೆಳಗೆ ತೊಯ್ದ ತರಗು, ಮೇಲೆ ದಟ್ಟ ನೆರಳು, ಹೊರಗೆ ಎಡೆಬಿಡದ ಮಳೆ ಇರುವುದರಿಂದ ಬೀಜವು ಕಾಯಬೇಕಾದ ಪ್ರಮೇಯವೇ ಇಲ್ಲ, ಬಿದ್ದಲ್ಲಿಯೇ ಬೇರು ಬಿಡುತ್ತದೆ. ಭತ್ತ, ಅವರೆಗಳಂತೆ ಒಣಗಿ ನಿದ್ರಿಸುವ ಗುಣ ಅದಕ್ಕಿಲ್ಲ. ಹಿಂದೆ ಸಾಬೂನು ತಯಾರಿಗೆ ಹಿಂಡುತ್ತಿದ್ದ ಕೊಬ್ಬು ತುಂಬಿದ ಅದರ ದಪ್ಪ ಬೇಳೆಗಳಲ್ಲಿ ತೇವಾಂಶ ಕಡಿಮೆಯಾದರೆ ಒಳಗಿನ ಮೊಳಕೆಯೂ ಸಾಯುತ್ತದೆ. ಒಲೆಯ ಹೊಗೆ ಕಾಳುಮೆಣಸಿಗೆ ಒಳ್ಳೆಯದಿರಬಹುದು, ಇದಕ್ಕಲ್ಲ.

ಮುಂದಿನ ಸಲ ಆರಿಸಿದ ದಿನವೇ, ಹೆಚ್ಚೆಂದರೆ ಎರಡು ಮೂರು ದಿನಗಳೊಳಗೆ, ತರಗುಗೊಬ್ಬರ ಬೆರೆಸಿದ ಮಣ್ಣಿಗೆ ಅರ್ಧ ಹೂತು ನೆರಳಿನಲ್ಲಿಡಿ. ಬೇರು ಬಿಟ್ಟಿರುವ ಕಾಯಿ ಸಿಕ್ಕಿದರೆ ಬೇರು ಮುರಿಯದಂತೆ ತನ್ನಿ.

ಕುಶಾಲನಗರದ ಮಾತು ಬೇರೆ. ಜಿಲ್ಲೆ ಒಂದೇ ಆದರೂ ಅಲ್ಲಿನದು ತೇಗ, ಹೊನ್ನೆ, ಮತ್ತಿಗಳು ಬೇಸಿಗೆಯಲ್ಲಿ ಎಲೆಯುದುರಿಸುವ ಸೀಮೆ. ಮಳೆ ಭಾಗಮಂಡಲಕ್ಕೆ ಹೋಲಿಸುವಂತಿಲ್ಲ, ಒಣ ತಿಂಗಳುಗಳು ದೀರ್ಘ. ನೀರು ಹಾಯಿಸಿ ಸಸಿ ಬದುಕಿಸಬಹುದಾದರೂ ನಾನು ಸಲಹೆ ಮಾಡುವುದಿಲ್ಲ. ಆ ಸಸಿಗಳನ್ನು ಭಾಗಮಂಡಲದ ಕಾಫಿ ತೋಟದ ಹಳ್ಳದ ಬದಿಯಲ್ಲಿ, ಹಳೆಯ ಕಾಡುಮರಗಳ ನೆರಳಿರುವ ಕಡೆ ನೆಡಿ. ಕುಶಾಲನಗರಕ್ಕೆ ಹೊನ್ನೆಯೇ ಸಾಕು.