ಸದಾ ನಗಿಸುತ್ತಿದ್ದ ಪತಿಯ ಬಗ್ಗೆ ಗೌರವಯುತವಾದ ನುಡಿನಮನ ಬರೆಯುವುದು ಹೇಗೆ?

ಪತಿ ತೀರಿಕೊಂಡು ಐದು ದಿನಗಳಾಗಿವೆ, ಉತ್ತರಕ್ರಿಯೆಯ ದಿನ ಓದಲು ಒಂದು ಪುಟ ಬರೆಯಬೇಕಾಗಿದೆ, ಅವರ ತಮಾಷೆಯ ವಿಚಾರಗಳು ಅದರಲ್ಲಿ ಬೇಡವೆಂದು ಹಿರಿಯರು ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ಅಂಥದ್ದೇ ಒಂದು ಪುಟವನ್ನು ನಾನು 2016ರಲ್ಲಿ ಬರೆಸಿದೆ. ಅದು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ನನ್ನ ಪತಿ ಕಾರ್ಕಳದ ಕಡೆಯವರು, ಉಡುಪಿಯ ಬ್ಯಾಂಕೊಂದರಲ್ಲಿ ಗುಮಾಸ್ತರಾಗಿದ್ದರು. ಹೃದಯಾಘಾತದಿಂದ ಹೋದಾಗ ಅವರಿಗೆ 44 ವರ್ಷ, ಮಗಳಿಗೆ 11, ಮಗನಿಗೆ 7. ಸಂಜೆ ಗೇಟು ತೆರೆಯುವಾಗಲೇ ‘ಪಿಲಿ ಬತ್ತ್ಂಡ್!’ (ತುಳುವಿನಲ್ಲಿ, ಹುಲಿ ಬಂತು) ಎಂದು ಕೂಗುತ್ತಿದ್ದರು, ಮಕ್ಕಳಿಬ್ಬರೂ ಮಂಚದಡಿ ಅಡಗುತ್ತಿದ್ದರು. ಮಳೆಗಾಲದ ರಾತ್ರಿ ಕರೆಂಟು ಹೋದರೆ ತಲೆಗೆ ಬೈರಾಸು (ಟವೆಲು) ಸುತ್ತಿ, ಕೈಯಲ್ಲಿ ಸೌಟು ಹಿಡಿದು, ಪಾತ್ರೆಯ ಮುಚ್ಚಳದ ಮೇಲೆ ಚೆಂಡೆ ಬಾರಿಸಲು ಮಗಳಿಗೆ ಹೇಳಿ, ಆ ಸಣ್ಣ ಜಗಲಿಯಲ್ಲೇ ಯಕ್ಷಗಾನದವರಂತೆ ಗಿರಕಿ ಹೊಡೆಯುತ್ತ ಧಿಗಿಣ ಹಾರುತ್ತಿದ್ದರು.

2014ರ ವಿಟ್ಲಪಿಂಡಿಯ (ಉಡುಪಿಯಲ್ಲಿ ಕೃಷ್ಣಾಷ್ಟಮಿಯ ಮರುದಿನದ ಉತ್ಸವ) ದಿನ ಮಗನಿಗೆ ಹುಲಿವೇಷ ಹಾಕಿಸಲು ಹೊರಟೆವು. ಬೆನ್ನಿಗೆ ಮೊದಲ ಬಣ್ಣ ತಾಗಿದ್ದೇ ತಡ, ತಣ್ಣಗಾಗುತ್ತದೆಂದು ಹುಡುಗ ಅಳಲು ಶುರುಮಾಡಿದ. ಇವರು ಒಂದು ಮಾತೂ ಆಡದೆ ಅಂಗಿ ಬಿಚ್ಚಿ ಅವನ ಪಕ್ಕದಲ್ಲಿ ಕುಳಿತು, ‘ಮೊದಲು ನನಗೆ ಬಳಿಯಿರಿ, ಇವನು ನೋಡಲಿ’ ಎಂದರು. ಅಂದು ರಥಬೀದಿಯ ಜನಸಂದಣಿಯಲ್ಲಿ ತಾಸೆ ವಾದ್ಯದ ಬಡಿತಕ್ಕೆ ದೊಡ್ಡ ಹುಲಿಯೂ ಮರಿ ಹುಲಿಯೂ ಜೊತೆಯಾಗಿ ಕುಣಿದವು. ರಾತ್ರಿ ಸೀಮೆಎಣ್ಣೆ, ತೆಂಗಿನೆಣ್ಣೆ ಹಾಕಿ ಎಷ್ಟು ಉಜ್ಜಿದರೂ ಅವರ ಕಿವಿಯ ಹಿಂದಿನ ಹಳದಿ ಹೋಗಲಿಲ್ಲ. ಮರುದಿನ ಹಾಗೆಯೇ ಕೌಂಟರಿನಲ್ಲಿ ಕುಳಿತು ಬಂದವರಿಗೆಲ್ಲ ಅದನ್ನು ತೋರಿಸಿದರಂತೆ.

ಇಂಥವರ ಬಗ್ಗೆ ನಾನು ಬರೆಸಿದ ಪುಟದಲ್ಲಿ ಇದ್ದದ್ದು ‘ಸರಳ, ಸಜ್ಜನ, ಮಿತಭಾಷಿ, ಕರ್ತವ್ಯನಿಷ್ಠ’ ಎಂಬ ಮಾತುಗಳು. ಬರೆದುಕೊಟ್ಟವರ ತಪ್ಪು ಇದರಲ್ಲಿಲ್ಲ. ಓದಿ ತೋರಿಸಿ, ಇನ್ನೇನಾದರೂ ಸೇರಿಸಬೇಕೇ ಎಂದು ಅವರು ಎರಡು ಬಾರಿ ಕೇಳಿದರು, ಎರಡು ಬಾರಿಯೂ ನಾನೇ ಬೇಡವೆಂದೆ. ಗಂಡ ಹೋದ ಹನ್ನೆರಡು ದಿನಕ್ಕೆ ಹುಲಿವೇಷದ ಕಥೆ ಹೇಳಿಸಿದರೆ ಇವಳಿಗೆ ದುಃಖವೇ ಇಲ್ಲವೆಂದು ಜನ ತಿಳಿದಾರು ಎಂಬ ಅಂಜಿಕೆಯಿತ್ತು. ನಗುವಿನ ಸಂಗತಿಗಳನ್ನು ಮಕ್ಕಳು ದೊಡ್ಡವರಾದ ಮೇಲೆ ನಿಧಾನವಾಗಿ ಹೇಳಿದರಾಯಿತು, ಅವು ಎಲ್ಲಿಗೆ ಹೋಗುತ್ತವೆ ಎಂದೂ ಅಂದುಕೊಂಡಿದ್ದೆ. ಆದರೆ ಮನುಷ್ಯ ಹುಟ್ಟಿದ ದಿನ, ಕೆಲಸಕ್ಕೆ ಸೇರಿದ ವರ್ಷ ಎಲ್ಲವೂ ಕಾಗದಪತ್ರದಲ್ಲಿ ಉಳಿಯುತ್ತವೆ. ಅವನು ಯಾವ ಮಾತನ್ನು ಹೇಗೆ ಎಳೆದು ಹೇಳಿ ನಗಿಸುತ್ತಿದ್ದ ಎಂಬುದು ಕೇಳಿದವರ ಬಾಯಲ್ಲಿ ಮಾತ್ರ ಇರುತ್ತದೆ, ಆಡದಿದ್ದರೆ ಎರಡು ಮೂರು ಮಳೆಗಾಲದೊಳಗೆ ಅದೂ ಇರುವುದಿಲ್ಲ. ಅವರ ತಮಾಷೆಯೆಲ್ಲ ತುಳುವಿನಲ್ಲಿತ್ತು, ನುಡಿನಮನ ಗ್ರಾಂಥಿಕ ಕನ್ನಡದಲ್ಲಿತ್ತು. ಹಾಗಾಗಿ ಅವರ ಬಾಯಿಂದ ಬಂದ ಒಂದು ಶಬ್ದವೂ ಅದರೊಳಗೆ ಸೇರಲಿಲ್ಲ.

ಉತ್ತರಕ್ರಿಯೆಯ ದಿನ ಅವರ ಸಹೋದ್ಯೋಗಿಯೊಬ್ಬರು ಅಂಗಿಯ ಜೇಬಿನಲ್ಲಿ ಮಡಚಿದ ಒಂದು ಹಾಳೆ ಇಟ್ಟುಕೊಂಡು ಬಂದಿದ್ದರು. ನುಡಿನಮನ ಓದಿ ಮುಗಿದ ಮೇಲೆ ಅವರು ಆ ಹಾಳೆಯನ್ನು ಮುಟ್ಟಿ ನೋಡಿದರು, ಹೊರಗೆ ತೆಗೆಯಲಿಲ್ಲ. ನಾನೂ ಕೇಳಲಿಲ್ಲ. 2021ರಲ್ಲಿ ಕೋವಿಡ್‌ನಿಂದ ಅವರೂ ತೀರಿಕೊಂಡರು.

ಅದೇ ಮಾತುಗಳು ಪತ್ರಿಕೆಯ ಶ್ರದ್ಧಾಂಜಲಿಯಲ್ಲೂ ಬಂದಿದ್ದವು, ಅದನ್ನು ಕತ್ತರಿಸಿ, ಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗುಹಾಕಿದ್ದೆವು. ಮಗ ಒಂಬತ್ತನೇ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ‘ನನ್ನ ತಂದೆ’ ಎಂಬ ಪ್ರಬಂಧ ಬರೆದ. ಅದರ ಮೊದಲ ವಾಕ್ಯ, ‘ನನ್ನ ತಂದೆಯವರು ಮಿತಭಾಷಿಯಾಗಿದ್ದರು.’ ಅವನು ನಕಲು ಮಾಡಿ ಬರೆದದ್ದಲ್ಲ, ಅದನ್ನು ನಂಬಿಯೇ ಬರೆದಿದ್ದ. ಹುಲಿವೇಷದ ದಿನ ನೆನಪಿದೆಯೇ ಎಂದು ಕೇಳಿದೆ. ಬಣ್ಣದ ವಾಸನೆ ನೆನಪಿದೆ, ಪಕ್ಕದಲ್ಲಿ ಇದ್ದವರು ಯಾರೆಂದು ನೆನಪಿಲ್ಲ ಎಂದ.

ಅಲ್ಲಿಂದ ಮುಂದೆ ನಾನು ಒಂದು ನೋಟುಪುಸ್ತಕ ಹಿಡಿದು ಅವರನ್ನು ಬಲ್ಲವರ ಮನೆಗಳಿಗೆ ಹೋದೆ. ಮನೆಬಾಗಿಲಿಗೆ ಮೀನು ತರುತ್ತಿದ್ದ ಅಕ್ಕ, ಸಿಟಿ ಬಸ್ಸಿನ ಕಂಡಕ್ಟರ್, ಬ್ಯಾಂಕಿನಲ್ಲಿ ಉಳಿದಿದ್ದ ಹಳಬರು, ಎಲ್ಲರೂ ನಾನು ಕೇಳಿಯೇನೆಂದು ಏಳು ವರ್ಷ ಕಾದವರಂತೆ ಹೇಳಿದರು. ಬ್ಯಾಂಕಿನವರೊಬ್ಬರು ಹೇಳಿದ ಒಂದು ಸಂಗತಿ ನನಗೇ ಗೊತ್ತಿರಲಿಲ್ಲ. ಆಫೀಸರ್ ಆಗಿ ಬಡ್ತಿ ಪಡೆಯುವ ಅವಕಾಶ ಇವರಿಗೆ ಎರಡು ಸಲ ಬಂದಿತ್ತಂತೆ. ಬಡ್ತಿಯೊಂದಿಗೆ ಉತ್ತರ ಭಾರತಕ್ಕೆ ವರ್ಗವಾದರೆ ಮಕ್ಕಳನ್ನು ಬಿಟ್ಟಿರಬೇಕಾಗುತ್ತದೆ ಎಂದು ಎರಡು ಸಲವೂ ಬಿಟ್ಟುಕೊಟ್ಟರಂತೆ. ಮನೆಯಲ್ಲಿ ನಮಗೆ ಹೇಳಿದ್ದು, ‘ನನ್ನ ಹಿಂದಿ ಕೇಳಿದರೆ ಆ ಬ್ಯಾಂಕು ಮುಚ್ಚಬೇಕಾದೀತು.’ ನಾವೆಲ್ಲ ನಕ್ಕಿದ್ದೆವು.

ಆದ್ದರಿಂದ, ನೀವು ಕೇಳಿದ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ತಮಾಷೆ ಒಂದು ಕಡೆ, ಗೌರವ ಇನ್ನೊಂದು ಕಡೆ ಎಂದು ನೀವು ಇಟ್ಟಿದ್ದೀರಿ. ನಮ್ಮವರು ಅಷ್ಟು ಹಗುರವಾಗಿ ನಗಿಸುತ್ತಿದ್ದುದೇ ಮನೆಯವರ ಮೇಲೆ ಏನೂ ಹೊರೆಯಾಗದಿರಲೆಂದು. ನಿಮ್ಮ ಹಿರಿಯರಿಗೆ ಒಂದು ಮಾತು ನೆನಪಿಸಿ: ನಮ್ಮಲ್ಲಿ ತೀರಿಹೋದವರಿಗೆ ಆಟಿ ತಿಂಗಳಲ್ಲಿ (ತುಳುವರ ಮಳೆಗಾಲದ ತಿಂಗಳು) ಎಲೆ ಹಾಕಿ ಬಡಿಸುವಾಗ ಅವರು ಇಷ್ಟಪಟ್ಟು ಉಣ್ಣುತ್ತಿದ್ದುದನ್ನೇ ಬಡಿಸುತ್ತೇವೆ. ಕೋರಿರೊಟ್ಟಿ (ಕೋಳಿ ಸಾರು, ಒಣ ಅಕ್ಕಿ ರೊಟ್ಟಿ) ಪ್ರಿಯವಾಗಿದ್ದವರ ಎಲೆಗೆ ಕೋರಿರೊಟ್ಟಿಯೇ ಬೀಳುತ್ತದೆ, ಅಲ್ಲಿ ಯಾರೂ ಗಾಂಭೀರ್ಯದ ಮಾತೆತ್ತುವುದಿಲ್ಲ. ನುಡಿನಮನವೂ ಹಾಗೆಯೇ ಇರಲಿ.

ಪತ್ರಿಕೆಗೆ ಹೆಸರು, ದಿನಾಂಕ ಮತ್ತು ಹಲ್ಲು ಕಾಣುವಂತೆ ನಕ್ಕಿರುವ ಒಂದು ಫೋಟೋ ಕೊಟ್ಟರೆ ಸಾಕು. ಉತ್ತರಕ್ರಿಯೆಯ ದಿನಕ್ಕೆ ನೀವೊಬ್ಬರೇ ಕುಳಿತು ಪುಟ ತುಂಬಿಸಬೇಡಿ. ಅವರ ಗೆಳೆಯರಲ್ಲಿ ಮೂವರಿಗೆ ಇಂದೇ ಫೋನು ಮಾಡಿ, ಅವರು ನಿಮ್ಮ ಪತಿಯೊಂದಿಗೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕ ಒಂದೊಂದು ಸಂಗತಿಯನ್ನು ಅಂದು ನಿಂತು ಹೇಳುವಂತೆ ಕೇಳಿಕೊಳ್ಳಿ. ತುಳುವಿನಲ್ಲಿ ನಡೆದದ್ದನ್ನು ತುಳುವಿನಲ್ಲೇ ಹೇಳಲಿ. ಅದನ್ನು ಮೊಬೈಲಿನಲ್ಲಿ ರೆಕಾರ್ಡು ಮಾಡುವ ಕೆಲಸವನ್ನು ಮನೆಯ ಹುಡುಗರೊಬ್ಬರಿಗೆ ಒಪ್ಪಿಸಿ, ಮಕ್ಕಳನ್ನು ಒಳಗೆ ಕಳುಹಿಸದೆ ಮುಂದಿನ ಸಾಲಿನಲ್ಲಿ ಕೂರಿಸಿ. ಮತ್ತು ಯಾರಾದರೂ ಜೇಬಿನಲ್ಲಿ ಹಾಳೆ ಇಟ್ಟುಕೊಂಡು ಬಂದಿದ್ದರೆ, ದಯವಿಟ್ಟು ಅದನ್ನು ಕೇಳಿ ಪಡೆದುಕೊಳ್ಳಿ.