ಬೆಲ್ಲ ಕೊಟ್ಟರೂ ಶುಗರ್ ಬೇಗ ಏರದಿರುವುದೇಕೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಶುಗರ್ ಲೋ ಆಗುತ್ತದೆ, ಬಿ.ಪಿ. ಲೋ ಆಗುತ್ತದೆ, ಏನು ತಿನ್ನಬೇಕು’ ಎಂದೇ ಕೇಳಿವೆ. ತಲೆಸುತ್ತು, ಬೆವರು, ನಿತ್ರಾಣ ಎರಡರಲ್ಲೂ ಕಾಣಿಸಿಕೊಳ್ಳುವುದರಿಂದ ಮನೆಯವರು ಏನನ್ನೂ ಅಳೆದು ನೋಡದೆ, ಉಪ್ಪು ಮತ್ತು ಸಕ್ಕರೆ ಬೆರೆಸಿದ ನಿಂಬೆ ಪಾನಕ ಕುಡಿಸಿ ಸುಮ್ಮನಾಗುತ್ತಾರೆ. ಈ ಅಭ್ಯಾಸವನ್ನು ಮೈಸೂರಿನ ನನ್ನ ಚಿಕಿತ್ಸಾಲಯದಲ್ಲಿ ದಿನವೂ ನೋಡಿ ನನಗೆ ಬೇಸರವಾಗಿದೆ. ಆ ಹೊತ್ತಿಗೆ ಆಯಾಸ ತಗ್ಗಿದರೂ, ಅದು ಏಕೆ ಬಂತು ಎಂಬುದು ತಿಳಿಯದೇ ಉಳಿಯುತ್ತದೆ.

ಪ್ರಶ್ನೆ: ನಮ್ಮ ತಂದೆಯವರಿಗೆ 64 ವರ್ಷ, ಮಂಡ್ಯದ ಹತ್ತಿರ ಕಬ್ಬು ಬೆಳೆಯುತ್ತಾರೆ. ಬೆಳಗ್ಗೆ ಆರಕ್ಕೆ ಶುಗರ್ ಮಾತ್ರೆ ನುಂಗಿ, ಟೀ ಕುಡಿದು ಗದ್ದೆಗೆ ಹೋದರೆ ಹತ್ತು ಗಂಟೆಯ ನಂತರವೇ ಊಟ. ಅಷ್ಟರಲ್ಲಿ ಮೈ ಬೆವರಿ ಕೈ ನಡುಗುತ್ತದೆ. ಒಮ್ಮೆ ಅಳೆದಾಗ 58 ಇತ್ತು. ಬೆಲ್ಲ ತಿನ್ನಿಸಿದರೂ ಚೇತರಿಸಿಕೊಳ್ಳಲು ಮುಕ್ಕಾಲು ಗಂಟೆ ಬೇಕಾಗುತ್ತದೆ. ಯಾವ ಆಹಾರ ಕೊಟ್ಟರೆ ಶುಗರ್ ಇಳಿಯುವುದಿಲ್ಲ?

ಉತ್ತರ: ನೀವು ಕಳುಹಿಸಿದ ಚೀಟಿಯಲ್ಲಿರುವ ಮಾತ್ರೆಯಲ್ಲಿ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಮತ್ತು ವೋಗ್ಲಿಬೋಸ್ ಎಂಬ ಮೂರು ಔಷಧಗಳಿವೆ. ನಿಮ್ಮ ಪ್ರಶ್ನೆಗೆ ಬೇಕಾದ ಉತ್ತರವೆಲ್ಲ ಆ ಚೀಟಿಯಲ್ಲೇ ಇದೆ. ಗ್ಲಿಮೆಪಿರೈಡ್ ಹೊಟ್ಟೆಯಲ್ಲಿ ಆಹಾರವಿರಲಿ ಇಲ್ಲದಿರಲಿ ಇನ್ಸುಲಿನ್ ಸುರಿಯುವಂತೆ ಮೇದೋಜೀರಕ ಗ್ರಂಥಿಯನ್ನು ಪ್ರೇರೇಪಿಸುತ್ತದೆ. ಅದನ್ನು ದಿನದ ಮೊದಲ ದೊಡ್ಡ ಊಟದ ಜೊತೆಗೆ ತೆಗೆದುಕೊಳ್ಳಬೇಕು. ನಿಮ್ಮ ತಂದೆಯವರು ಅದನ್ನು ನುಂಗಿ, ನಾಲ್ಕು ಗಂಟೆ ಉಪವಾಸವಿದ್ದು, ಅದರ ಮೇಲೆ ಗುದ್ದಲಿ ಹಿಡಿಯುತ್ತಾರೆ. ಹಾಗಿರುವಾಗ ಶುಗರ್ ಇಳಿಯದಿದ್ದರೆ ಆಶ್ಚರ್ಯಪಡಬೇಕಿತ್ತು.

ಇನ್ನು ಬೆಲ್ಲದ ವಿಷಯ. ಬೆಲ್ಲ, ಕಬ್ಬಿನ ಹಾಲು, ಸಕ್ಕರೆ ಮೂರರಲ್ಲೂ ಮುಖ್ಯವಾಗಿರುವುದು ಸುಕ್ರೋಸ್. ಅದು ಕರುಳಿನಲ್ಲಿ ಒಡೆದು ಗ್ಲೂಕೋಸ್ ಆದ ಮೇಲೆಯೇ ರಕ್ತಕ್ಕೆ ಸೇರುತ್ತದೆ. ವೋಗ್ಲಿಬೋಸ್‌ನ ಕೆಲಸವೇ ಈ ಒಡೆಯುವಿಕೆಯನ್ನು ನಿಧಾನಗೊಳಿಸುವುದು. ಆದ್ದರಿಂದ ಈ ಮಾತ್ರೆ ನುಂಗಿದವರಿಗೆ ಬೆಲ್ಲ ಕೊಟ್ಟರೆ ಅದು ಹೊಟ್ಟೆಯಲ್ಲಿರುತ್ತದೆ, ಮಿದುಳಿಗೆ ಬೇಕಾದ ಗ್ಲೂಕೋಸ್ ಮಾತ್ರ ತಡವಾಗಿ ಬರುತ್ತದೆ. ಇಂಥ ಮಾತ್ರೆ ಬರೆದುಕೊಡುವವರು ಈ ಒಂದು ಮಾತನ್ನು ರೋಗಿಗೆ ಹೇಳದೆ ಕಳುಹಿಸುವುದು ತಪ್ಪು ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ನಿಮ್ಮ ತಂದೆಯವರ ಜೇಬಿನಲ್ಲಿ ಔಷಧದಂಗಡಿಯಲ್ಲಿ ಸಿಗುವ ಸಾದಾ ಗ್ಲೂಕೋಸ್ ಪುಡಿಯ ಪೊಟ್ಟಣ ಸದಾ ಇರಬೇಕು. ಬಣ್ಣ, ರುಚಿ ಸೇರಿಸಿದ ಪುಡಿಗಳಲ್ಲಿ ಮಾಮೂಲಿ ಸಕ್ಕರೆಯೂ ಬೆರೆತಿರಬಹುದಾದ್ದರಿಂದ ಅವು ಬೇಡ. ಶುಗರ್ 70ಕ್ಕಿಂತ ಕೆಳಗಿದ್ದರೆ, ಅಥವಾ ಅಳೆಯುವ ಯಂತ್ರ ಹತ್ತಿರವಿಲ್ಲದೆ ಬೆವರು ನಡುಕ ಶುರುವಾದರೆ, 15 ಗ್ರಾಂ ಪುಡಿಯನ್ನು, ಎಂದರೆ ತುಂಬಿದ ಮೂರು ಟೀ ಚಮಚದಷ್ಟನ್ನು, ನೀರಿನಲ್ಲಿ ಕಲಸಿ ಕುಡಿಯಬೇಕು. 15 ನಿಮಿಷದ ನಂತರ ಮತ್ತೆ ಅಳೆದು, ಏರಿರದಿದ್ದರೆ ಅಷ್ಟೇ ಪುಡಿಯನ್ನು ಇನ್ನೊಮ್ಮೆ ಕುಡಿಯಬೇಕು. ಅಳೆಯುವ ಮುನ್ನ ಬೆರಳು ತೊಳೆಯಿರಿ. ಬೆಲ್ಲ ಮುಟ್ಟಿದ ಬೆರಳಿನಿಂದ ರಕ್ತ ತೆಗೆದರೆ, ರಕ್ತದಲ್ಲಿ ಇಲ್ಲದ ಶುಗರನ್ನು ಯಂತ್ರ ತೋರಿಸುತ್ತದೆ. ಚೇತರಿಸಿಕೊಂಡ ಮೇಲೆ ಮುದ್ದೆ, ಕಾಳಿನ ಸಾರು ಉಂಡರೆ ಶುಗರ್ ಮತ್ತೆ ಇಳಿಯದಂತೆ ನಿಲ್ಲುತ್ತದೆ. ಮುದ್ದೆಯ ಪಾತ್ರ ಅಷ್ಟೇ, ಕುಸಿದ ಶುಗರನ್ನು ತಕ್ಷಣ ಎತ್ತುವ ಶಕ್ತಿ ಅದಕ್ಕಿಲ್ಲ. ಎಳನೀರಿನಲ್ಲಿ ಸಕ್ಕರೆಯ ಅಂಶ ಸಾಲದು, ಚಾಕೊಲೇಟಿನ ಕೊಬ್ಬು ಸಕ್ಕರೆಯನ್ನು ತಡೆದು ನಿಲ್ಲಿಸುತ್ತದೆ.

ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ. ಹಾಗೆ ಸುರಿದ ಸಕ್ಕರೆ ನೀರು ಶ್ವಾಸಕೋಶಕ್ಕೆ ಇಳಿದು, ಶುಗರ್ ಸರಿಹೋದ ಮೇಲೂ ದಿನಗಟ್ಟಲೆ ಆಸ್ಪತ್ರೆಯಲ್ಲಿ ನರಳಿದವರನ್ನು ನಾನು ಕಂಡಿದ್ದೇನೆ. ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ಗ್ಲಿಮೆಪಿರೈಡ್ ತೆಗೆದುಕೊಳ್ಳುವವರ ಶುಗರ್ ಒಮ್ಮೆ ಏರಿದರೂ ಕೆಲವು ಗಂಟೆಗಳಲ್ಲಿ ಮತ್ತೆ ಕುಸಿಯಬಹುದು. ಮೂತ್ರಪಿಂಡ ದುರ್ಬಲವಾಗಿದ್ದರೆ ಈ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ‘ಈಗ ಸರಿಹೋಯಿತಲ್ಲ’ ಎಂದು ಆಸ್ಪತ್ರೆಯಿಂದ ಹಟ ಹಿಡಿದು ಕರೆತರಬೇಡಿ.

ನಿಮ್ಮ ತಂದೆಯವರು ನಾಳೆಯಿಂದಲೇ ತಿಂಡಿಯ ಜೊತೆಗೇ ಮಾತ್ರೆ ನುಂಗಿ, ಆಮೇಲೆ ಗದ್ದೆಗೆ ಇಳಿಯಲಿ. ಇದೇ ವಾರ ವೈದ್ಯರನ್ನು ಕಂಡು, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ಗ್ಲಿಮೆಪಿರೈಡ್ ಪ್ರಮಾಣ ತಗ್ಗಿಸಬಹುದೇ ಎಂದು ಕೇಳಿ. ಆಹಾರ ಬದಲಿಸಿ ಮಾತ್ರೆಯ ತಪ್ಪನ್ನು ತಿದ್ದಲು ಹೊರಟರೆ, ಶುಗರ್ ಇಳಿದೀತೆಂಬ ಭಯಕ್ಕೆ ದಿನವಿಡೀ ತಿಂದು ಕೊನೆಗೆ ಶುಗರ್ ಏರಿಸಿಕೊಳ್ಳುತ್ತಾರೆ.

ಪ್ರಶ್ನೆ: ಮಾತ್ರೆಯ ಜೊತೆಗೆ ಮಧುನಾಶಿನಿ ಪುಡಿಯನ್ನೂ ತೆಗೆದುಕೊಳ್ಳಬಹುದೇ?

ಉತ್ತರ: ಬೇಡ. ಅದೂ ಶುಗರ್ ಇಳಿಸಬಲ್ಲದು, ಆಗ ಎರಡೂ ಸೇರಿ ಎಷ್ಟು ಇಳಿಸುತ್ತವೆಂದು ಯಾರೂ ಹೇಳಲಾರರು. ‘ಗಿಡಮೂಲಿಕೆ’ ಎಂದು ಮಾರುವ ಪುಡಿಗಳಲ್ಲಿ ಶುಗರ್ ಮಾತ್ರೆಯನ್ನೇ ಗುಟ್ಟಾಗಿ ಬೆರೆಸಿದ್ದು ಅನೇಕ ದೇಶಗಳಲ್ಲಿ ಪತ್ತೆಯಾಗಿದೆ. ಲೇಬಲ್ ಇಲ್ಲದ ಡಬ್ಬಿ ಕೊಟ್ಟು, ಇದ್ದ ಮಾತ್ರೆ ನಿಲ್ಲಿಸಿರೆನ್ನುವವರ ಬಾಗಿಲಿಗೆ ಹೋಗಬೇಡಿ.

ಪ್ರಶ್ನೆ: ನನಗೆ 72 ವರ್ಷ, ಮೈಸೂರಿನಲ್ಲಿದ್ದೇನೆ, ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತೇನೆ. ಬೆಳಗ್ಗೆ ಬಿ.ಪಿ. 138 ಇದ್ದದ್ದು ಮಧ್ಯಾಹ್ನದ ಊಟವಾದ ಒಂದು ಗಂಟೆಗೆ 106ಕ್ಕೆ ಇಳಿದು, ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಉಪ್ಪಿನಕಾಯಿ ಹೆಚ್ಚು ತಿನ್ನಲೇ?

ಉತ್ತರ: ತಿನ್ನಬೇಡಿ, ಬಿ.ಪಿ. ಮಾತ್ರೆ ತೆಗೆದುಕೊಳ್ಳುವ ನಿಮಗೆ ಉಪ್ಪು ಔಷಧವಲ್ಲ. ಊಟವಾದ ಮೇಲೆ ರಕ್ತ ಕರುಳಿನ ಕಡೆಗೆ ಹರಿಯುತ್ತದೆ. ವಯಸ್ಸಾದವರಲ್ಲಿ ರಕ್ತನಾಳಗಳು ಅದಕ್ಕೆ ತಕ್ಕಂತೆ ಬೇಗ ಬಿಗಿದುಕೊಳ್ಳದೆ ಒತ್ತಡ ಕುಸಿಯುತ್ತದೆ. ತಟ್ಟೆ ತುಂಬ ಅನ್ನ ಉಂಡಷ್ಟೂ ಕುಸಿತ ಹೆಚ್ಚು. ಅನ್ನ ಕಡಿಮೆ ಮಾಡಿ, ಒಂದು ಊಟವನ್ನು ಎರಡಾಗಿ ಉಣ್ಣಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದಾಗಿ ನೀರಿಗೆ ಮಿತಿ ಹೇಳಿರದಿದ್ದರೆ ಊಟಕ್ಕೆ ಮುಂಚೆ ಎರಡು ಲೋಟ ನೀರು ಕುಡಿಯಿರಿ, ಉಂಡ ಕೂಡಲೇ ಎದ್ದು ಓಡಾಡಬೇಡಿ. ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ನುಂಗುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ, ಏಕೆಂದರೆ ಎದ್ದು ನಿಂತಾಗ ಒತ್ತಡ ಇಳಿಸುವುದರಲ್ಲಿ ಅದರ ಪಾಲೂ ಇರುತ್ತದೆ.

ಪ್ರಶ್ನೆ: ಲೋ ಬಿ.ಪಿ.ಗೆ ಬೀಟ್ರೂಟ್ ರಸ ಒಳ್ಳೆಯದೇ?

ಉತ್ತರ: ಅದರಲ್ಲಿರುವ ನೈಟ್ರೇಟ್ ರಕ್ತನಾಳವನ್ನು ಸಡಿಲಿಸಿ ಬಿ.ಪಿ.ಯನ್ನು ಇನ್ನಷ್ಟು ಇಳಿಸುತ್ತದೆ. ಕೆಂಪು ಬಣ್ಣ ಕಂಡು ರಕ್ತ ಹೆಚ್ಚುತ್ತದೆಂದು ನಂಬಬೇಡಿ.

ಪ್ರಶ್ನೆ: ನನಗೆ 24 ವರ್ಷ, ಬಿ.ಪಿ. ಯಾವಾಗಲೂ 100/64, ಯಾವ ತೊಂದರೆಯೂ ಇಲ್ಲ. ಏನು ತಿನ್ನಲಿ?

ಉತ್ತರ: ಹಸಿವಾದಾಗ ಊಟ ಮಾಡಿ. ನಿಮಗೆ ಕಾಯಿಲೆಯಿಲ್ಲ.