ಒಂದೇ ಬೀಜ, ನಮ್ಮ ಗದ್ದೇಲಿ ಮಾತ್ರ ಯಾಕೆ ಹೀಗೆ?

ಪ್ರಶ್ನೆ: ಸರ್ ನಮಸ್ಕಾರ, ನಮ್ದು ಸಾಗರ ತಾಲೂಕು, ಗುಡ್ಡದ ಬುಡದ ಬೈಲು ಗದ್ದೆ. ದಾವಣಗೆರೆ ಕಡೆ ಇರೋ ಭಾವನ ಹತ್ರ ಐಆರ್-64 ಭತ್ತದ ಬೀಜ ತಂದು ಹಾಕಿದ್ವಿ, ಅವರ ಕಪ್ಪು ಮಣ್ಣಲ್ಲಿ ಚೆನ್ನಾಗಿದೆ, ನಮ್ಮಲ್ಲಿ ನಾಟಿ ಆಗಿ ತಿಂಗಳಿಗೇ ಎಲೆ ತುದಿಯಿಂದ ಕಂದು ಚುಕ್ಕೆ, ಕಿತ್ತು ನೋಡಿದ್ರೆ ಬೇರಿಗೆ ತುಕ್ಕು ಬಣ್ಣ, ನೀರಿನ ಮೇಲೆ ಎಣ್ಣೆ ಥರ ಕೆನೆ. ಪಕ್ಕದವರ ಹಳೇ ತಳಿಗೆ ಏನೂ ಆಗಿಲ್ಲ. ಬೀಜ ಸರಿ ಇಲ್ವಾ? ಯೂರಿಯಾ ಹಾಕ್ಲಾ?

ಉತ್ತರ: ಬೀಜದ ತಪ್ಪಲ್ಲ, ಯೂರಿಯಾ ಸದ್ಯ ಬೇಡ. ನೀವು ಹೇಳಿದ ಲಕ್ಷಣ ಎಲ್ಲಾ ಕಬ್ಬಿಣ ಜಾಸ್ತಿ ಆದಾಗಿಂದು. ಜಂಬಿಟ್ಟಿಗೆ ಮಣ್ಣಲ್ಲಿ ಕಬ್ಬಿಣ ಹೇರಳ, ನೀರು ನಿಂತು ಮಣ್ಣಲ್ಲಿ ಆಮ್ಲಜನಕ ಖಾಲಿ ಆದ್ರೆ ಅದು ಕರಗುತ್ತೆ, ಗುಡ್ಡದ ಒರತೆ ನೀರು ಇನ್ನಷ್ಟು ತಂದು ಸುರಿಯುತ್ತೆ. ಭತ್ತಕ್ಕೆ ಇದನ್ನ ತಡೆಯೋ ಶಕ್ತಿ ಇದೆ, ಎಲೆಯಿಂದ ಬೇರಿನ ತುದಿವರೆಗೂ ಗಾಳಿ ಹೋಗೋ ದಾರಿ ಇರುತ್ತೆ, ಬೇರು ಆ ಆಮ್ಲಜನಕವನ್ನ ಹೊರಗೆ ಬಿಟ್ಟು ಕರಗಿದ ಕಬ್ಬಿಣವನ್ನ ತನ್ನ ಮೈ ಮೇಲೇ ತುಕ್ಕಾಗಿಸಿ ಒಳಗೆ ಬರದ ಹಾಗೆ ನಿಲ್ಲಿಸುತ್ತೆ. ಅಂದ್ರೆ ಸ್ವಲ್ಪ ತುಕ್ಕು ಬಣ್ಣ ಕಂಡ್ರೆ ಹೆದರಬೇಕಿಲ್ಲ, ಆದ್ರೆ ಪದರ ದಪ್ಪ ಆದ್ರೆ ರಂಜಕ ಹೀರೋದೇ ಕಷ್ಟ. ಈ ಕೆಲಸ ಎಲ್ಲಾ ತಳಿಗೂ ಒಂದೇ ಥರ ಬರಲ್ಲ, ಐಆರ್-64 ಇದ್ರಲ್ಲಿ ವೀಕು. ಭಾವನ ಮಣ್ಣಲ್ಲಿ ಕಬ್ಬಿಣದ ಕಾಟ ಇಲ್ಲ, ಅಂಥ ಕ್ಷಾರ ಮಣ್ಣಲ್ಲಿ ಜಿಂಕ್ ಕೊರತೆ ಕಾಡುತ್ತೆ, ಅದು ಬೇರೆಯದೇ ಕಷ್ಟ.

ಆಳ ಬೇರಿನ ತಳಿ ಒಳ್ಳೇದು ಅಂತ ಎಲ್ರೂ ಹೇಳ್ತಾರೆ, ನಾನು ಹಾಗೆ ಒಪ್ಪಲ್ಲ. 2013ರಲ್ಲಿ ಜಪಾನಿನ ವಿಜ್ಞಾನಿಗಳು ಫಿಲಿಪೈನ್ಸ್‌ನ ಒಣಭೂಮಿ ತಳಿ ಕಿನಾಂಡಾಂಗ್ ಪಾಟೋಂಗ್‌ನ ಜೀನ್ ಒಂದನ್ನ ಇದೇ ಐಆರ್-64ಗೆ ಸೇರಿಸಿ ಬೇರು ಆಳಕ್ಕೆ ಇಳಿಯೋ ಹಾಗೆ ಮಾಡಿದ್ರು, ಬರದಲ್ಲೂ ಇಳುವರಿ ಉಳೀತು. ಅದು ಮಳೆ ನಂಬಿರೋ ಎತ್ತರದ ಮಕ್ಕಿ ಗದ್ದೆಗೆ ಬೇಕಾದ ಗುಣ, ನಿಮ್ಮ ಕೆಸರಲ್ಲಿ ಕಬ್ಬಿಣ ತಡೆಯೋಕೆ ಅದನ್ನೇ ನಂಬೋ ಹಾಗಿಲ್ಲ. ಕುಮಟಾ ಕಡೆ ಅಘನಾಶಿನಿ ದಂಡೆಯ ಕಗ್ಗ ಭತ್ತ ಉಪ್ಪು ನೀರು ತಡೆಯುತ್ತೆ ಅಂತ ಅದನ್ನ ತಂದು ಇಲ್ಲಿ ಹಾಕೋದೂ ಅಷ್ಟೇ.

ಈಗ ನೀರು ಬಸಿದು ಮಣ್ಣು ಸಣ್ಣಗೆ ಬಿರಿಯೋವರೆಗೂ ಬಿಡಿ, ಆಮೇಲೆ ಹೊಸ ನೀರು ಕಟ್ಟಿ. ಗುಡ್ಡದ ಬುಡದಲ್ಲಿ ಬಸಿಗಾಲುವೆ ತೆಗೆದು ಒರತೆ ನೀರನ್ನ ಹೊರಗೇ ತಿರುಗಿಸಿ, ಇದು ಎಲ್ಲಕ್ಕಿಂತ ಮುಖ್ಯ. ಪೊಟ್ಯಾಷ್ ಕಮ್ಮಿ ಇದ್ರೆ ತೊಂದರೆ ಹೆಚ್ಚಾಗುತ್ತೆ, ಹಾಗಾಗಿ ಮಣ್ಣು ಪರೀಕ್ಷೆ ಮಾಡಿಸಿ, ಮಣ್ಣಿನ ಹುಳಿ ತಗ್ಗಿಸೋಕೆ ಸುಣ್ಣ ಎಷ್ಟು ಬೇಕು ಅಂತಾನೂ ಅಲ್ಲೇ ಗೊತ್ತಾಗುತ್ತೆ. ಆಮೇಲೆ ಒಂದೆರಡು ಬುಡ ಕಿತ್ತು ನೋಡಿ, ಹೊಸ ಬಿಳಿ ಬೇರು ಬರ್ತಿದ್ರೆ ಪೈರು ಚೇತರಿಸ್ಕೊಳ್ತಿದೆ, ಕಪ್ಪಾಗಿ ಕೊಳೆತ ಮೊಟ್ಟೆ ವಾಸನೆ ಬಂದ್ರೆ ಇನ್ನೊಂದು ಸಲ ನೀರು ಬಸಿಯಿರಿ. ಮುಂದಿನ ವರ್ಷಕ್ಕೆ ಪಕ್ಕದವರ ಬೀಜ ಕೇಳಿ ಇಟ್ಕೊಳ್ಳಿ.